ಕ್ರಾಂತಿರಂಗ ಏಕೆ ಉಳಿಯಲಿಲ್ಲ?

(ತರೀಕೆರೆ ತಾಲ್ಲೂಕು ಹೆಬ್ಬೆಯಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ದಿನದ ಕೆಲಸ ಮುಗಿಸಿ, ಅಂಗಡಿಯ ಬಾಗಿಲು ಹಾಕಿ, ಈ ಘಟ್ಟದ ದಾರಿ ಹತ್ತಿ ಬಂದಿದ್ದೀರಿ. ಇಲ್ಲಿಯ ತೋಟಗಳಲ್ಲಿ ದುಡಿಯುವವರು, ಭದ್ರಾವತಿಯ ಕಾರ್ಖಾನೆಯವರು, ದಾವಣಗೆರೆಯ ಗಿರಣಿಗಳಲ್ಲಿ ತಲೆ ನರೆಸಿಕೊಂಡವರು, ತರೀಕೆರೆ, ಬೀರೂರು, ಅಜ್ಜಂಪುರಗಳ ಅಂಗಡಿ ಬೀದಿಯವರು, ಎಲ್ಲರೂ ಒಂದೇ ಜಮಖಾನದ ಮೇಲೆ ಕುಳಿತಿದ್ದೀರಿ. ನಿಮ್ಮನ್ನು ಹೊಗಳಿ ಹೊತ್ತು ಕಳೆಯುವುದು ನಮಗೆ ಬೇಡ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ಈಗ ಎಲ್ಲೆಲ್ಲೂ ರಾಜ್ಯದ ಹಕ್ಕಿನ ಮಾತು ಕೇಳಿಬರುತ್ತಿದೆ. 2024ರ ಫೆಬ್ರವರಿ 7ರಂದು ಕರ್ನಾಟಕದ ಮಂತ್ರಿಗಳು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಅವರು ಹೇಳಿದ ಲೆಕ್ಕ ಸುಳ್ಳಲ್ಲ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯ ಹಣದಲ್ಲಿ 14ನೆಯ ಹಣಕಾಸು ಆಯೋಗ ನಮ್ಮ ರಾಜ್ಯಕ್ಕೆ ಕೊಟ್ಟಿದ್ದ ಪಾಲು ಶೇಕಡ 4.713. 15ನೆಯ ಆಯೋಗ ಅದನ್ನು ಶೇಕಡ 3.647ಕ್ಕೆ ಇಳಿಸಿತು. ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. ಲಕ್ಕವಳ್ಳಿಯ ಜಲಾಶಯದ ನೀರನ್ನು ಎತ್ತಿ, ಅಜ್ಜಂಪುರದ ಸುರಂಗದಲ್ಲಿ ಹಾಯಿಸಿ, ಚಿತ್ರದುರ್ಗ ತುಮಕೂರುಗಳ ಬಯಲಿಗೆ ಒಯ್ಯುವ ಯೋಜನೆ ಅದು. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಎಂದು ಓದಿ ಹೇಳಿದರು. ಆ ಹಣ ಕೈಗೆ ಬರಲಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತ ಬಂದಿದೆ. ಈ ದೂರುಗಳಲ್ಲಿ ನ್ಯಾಯವಿದೆ. ಅದನ್ನು ನಾವು ಒಪ್ಪುತ್ತೇವೆ.

ಆದರೆ ಒಂದು ಮಾತು ಕೇಳುತ್ತೇವೆ. ಈ ಕೂಗು ಹೊಸದೇ? ನಾಲ್ವತ್ತು ವರ್ಷಗಳ ಹಿಂದೆಯೇ ಇದೇ ಕರ್ನಾಟಕದಲ್ಲಿ, ದೆಹಲಿಯ ಅಪ್ಪಣೆಗೆ ಕಾಯದ ನಮ್ಮದೇ ಪಕ್ಷವೊಂದು ಬೇಕು ಎಂದು ಒಂದು ಪಕ್ಷ ಹುಟ್ಟಿತ್ತು. ಅದರ ಹೆಸರು ಕರ್ನಾಟಕ ಕ್ರಾಂತಿರಂಗ. ಇಲ್ಲಿ ಕುಳಿತ ಹುಡುಗರಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದೀರಿ? ಹುಟ್ಟಿದ ಒಂದು ವರ್ಷದೊಳಗೆ ಅದು ಸರ್ಕಾರ ರಚನೆಯಲ್ಲಿ ಪಾಲುದಾರನಾಯಿತು. ಮತ್ತೆ ಎರಡು ವರ್ಷ ಕಳೆಯುವಷ್ಟರಲ್ಲಿ ಹೇಳಹೆಸರಿಲ್ಲದಂತಾಯಿತು. ಅದು ಕೇಳಿದ ಪ್ರಶ್ನೆ ಸರಿಯಾಗಿತ್ತು. ಹಾಗಿದ್ದೂ ಅದು ಏಕೆ ಉಳಿಯಲಿಲ್ಲ? ಇದನ್ನು ತಿಳಿಯದೆ ಇಂದು ರಾಜ್ಯದ ಹಕ್ಕು ಎಂದು ಕೂಗುವುದು, ಸೋರುವ ಕೊಡಕ್ಕೆ ಮತ್ತೆ ಮತ್ತೆ ನೀರು ತುಂಬಿದಂತೆ.

ಕಥೆಯನ್ನು ಮೊದಲಿನಿಂದ ನೋಡೋಣ. 1972ರಲ್ಲಿ ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. 1951ರಲ್ಲಿ ಕಾಗೋಡಿನ ಗೇಣಿದಾರರು ಯಾವ ಮಾತಿಗಾಗಿ ಜೈಲಿಗೆ ಹೋದರೋ, ಡಾ. ಲೋಹಿಯಾ ಅವರು ಯಾವ ಮಾತಿಗಾಗಿ ಅಲ್ಲಿಗೆ ಬಂದು ಬಂಧನಕ್ಕೊಳಗಾದರೋ, ಶಾಂತವೇರಿ ಗೋಪಾಲಗೌಡರು ಯಾವ ಮಾತನ್ನು ಅಸೆಂಬ್ಲಿಯಲ್ಲಿ ಎತ್ತಿ ಹಿಡಿದರೋ, ಆ ಉಳುವವನೇ ಒಡೆಯ ಎಂಬ ಮಾತು ಕಾಯಿದೆಯ ರೂಪ ತಾಳಿತು. ಹಿಂದುಳಿದವರಿಗಾಗಿ ಹಾವನೂರರ ಆಯೋಗ ಬಂದಿತು. ಇದನ್ನು ಮಾಡಿದವರು ಬೇರೆ ಪಕ್ಷದವರೆಂದು ನಾವು ಮರೆಮಾಚುವುದಿಲ್ಲ. ಬಡವನಿಗೆ ಭೂಮಿ ಸಿಕ್ಕಿದ್ದು ಸಿಕ್ಕಿದ್ದೇ.

1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನ ಹೆಸರು ಲೋಕಕ್ಕೆಲ್ಲ ತಿಳಿಯಿತು. ಹಿಂದಿನ ವರ್ಷ ಸೋತಿದ್ದ ಶ್ರೀಮತಿ ಇಂದಿರಾ ಗಾಂಧಿಯವರನ್ನು ಅರಸರು ಇಲ್ಲಿಗೆ ಕರೆತಂದು ಉಪಚುನಾವಣೆಗೆ ನಿಲ್ಲಿಸಿದರು. ಎದುರಾಳಿ ಶ್ರೀ ವೀರೇಂದ್ರ ಪಾಟೀಲರು. ಸುಮಾರು 77 ಸಾವಿರ ಓಟುಗಳ ಅಂತರದಲ್ಲಿ ಇಂದಿರಾ ಅವರು ಗೆದ್ದರು. ಬೀಳುತ್ತಿದ್ದ ದೆಹಲಿಯ ನಾಯಕತ್ವವನ್ನು ಈ ಕಾಫಿಯ ನಾಡು ಎತ್ತಿ ನಿಲ್ಲಿಸಿತು. ಅದಕ್ಕೆ ಸಿಕ್ಕ ಪ್ರತಿಫಲವೇನು? ಒಂದು ವರ್ಷವೂ ಕಳೆಯಲಿಲ್ಲ. 1979ರ ಜೂನ್ ತಿಂಗಳಲ್ಲಿ ಅದೇ ಅರಸರನ್ನು ಪಕ್ಷದಿಂದ ಹೊರಹಾಕಿದರು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ?

1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 27ನ್ನು ಇಂದಿರಾ ಕಾಂಗ್ರೆಸ್ಸು ಗೆದ್ದಿತು. ಅರಸರ ಪಕ್ಷಕ್ಕೆ ಇಲ್ಲಿ ಒಂದೂ ಇಲ್ಲ. ಫಲಿತಾಂಶ ಹೊರಬಿದ್ದದ್ದೇ ತಡ, ನಿನ್ನೆಯವರೆಗೆ ಅರಸರ ಮುಂದೆ ಕೈಕಟ್ಟಿ ನಿಂತಿದ್ದ ಶಾಸಕರು ತಂಡ ತಂಡವಾಗಿ ಆಚೆಗೆ ದಾಟಿದರು. ಅರಸರು ರಾಜೀನಾಮೆ ಕೊಟ್ಟರು. ಶ್ರೀ ಗುಂಡೂರಾವ್ ಅವರು ಗದ್ದುಗೆ ಏರಿದರು. ಅಸೆಂಬ್ಲಿಗೆ ಹೊಸ ಚುನಾವಣೆ ನಡೆಯಲಿಲ್ಲ, ಜನರನ್ನು ಯಾರೂ ಕೇಳಲಿಲ್ಲ. ಇಡೀ ಸರ್ಕಾರ ಒಂದು ವಾರದಲ್ಲಿ ಕೈ ಬದಲಾಯಿಸಿತು.

ಕ್ರಾಂತಿರಂಗ ಹುಟ್ಟಿದ್ದು ಈ ಪೆಟ್ಟಿನಿಂದ. ಟಿಕೆಟ್ಟು ದೆಹಲಿಯಿಂದ ಬರುವವರೆಗೆ ಶಾಸಕನ ನಿಷ್ಠೆಯೂ ದೆಹಲಿಗೇ ಸೇರುತ್ತದೆ, ಕರ್ನಾಟಕಕ್ಕೆ ಸೇರುವುದಿಲ್ಲ ಎಂಬುದನ್ನು ಆ ಪೆಟ್ಟು ಕಲಿಸಿತ್ತು. 1982ರಲ್ಲಿ ಅರಸರು ಕರ್ನಾಟಕದ್ದೇ ಆದ ಪಕ್ಷವನ್ನು ಕಟ್ಟಿದರು. ಅದೇ ವರ್ಷ ಮಾರ್ಚಿಯಲ್ಲಿ ನೆರೆಯ ಆಂಧ್ರದಲ್ಲಿ ಶ್ರೀ ಎನ್.ಟಿ. ರಾಮರಾಯರು ತೆಲುಗು ದೇಶಂ ಕಟ್ಟಿದ್ದರು. ದಕ್ಷಿಣದಲ್ಲೆಲ್ಲ ಒಂದೇ ಗಾಳಿ ಬೀಸುತ್ತಿತ್ತು. ಆದರೆ ಜೂನ್ 6ರಂದು ಅರಸರು ತೀರಿಕೊಂಡರು. ಕ್ರಾಂತಿರಂಗದ ಭಾರ ಸೊರಬದ ಶ್ರೀ ಎಸ್. ಬಂಗಾರಪ್ಪನವರ ಹೆಗಲಿಗೆ ಬಿದ್ದಿತು. ಅವರು ನಮ್ಮ ಸಮಾಜವಾದಿ ಗರಡಿಯಲ್ಲಿಯೇ ಪಳಗಿ ಅಸೆಂಬ್ಲಿಗೆ ಹೋದವರು.

1983ರ ಜನವರಿಯಲ್ಲಿ ಕ್ರಾಂತಿರಂಗದವರು ಜನತಾ ಪಕ್ಷದೊಡನೆ ಸೇರಿ ಚುನಾವಣೆಗೆ ನಿಂತರು. 224 ಸ್ಥಾನಗಳಲ್ಲಿ 95 ಬಂದವು. ಆಳುವ ಕಾಂಗ್ರೆಸ್ಸಿಗೆ 82. ರಾಜ್ಯ ಹುಟ್ಟಿದ ಮೇಲೆ ಮೊದಲ ಬಾರಿಗೆ ಇಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಮುಖ್ಯಮಂತ್ರಿ ಯಾರಾಗಬೇಕು ಎಂಬಲ್ಲಿಗೆ ಬಂದಾಗ ಬಂಗಾರಪ್ಪನವರಿಗೆ ಆ ಸ್ಥಾನ ಸಿಗಲಿಲ್ಲ, ಶ್ರೀ ರಾಮಕೃಷ್ಣ ಹೆಗಡೆಯವರಿಗೆ ಸಿಕ್ಕಿತು. ಅಲ್ಲಿಗೆ ಬಿರುಕು ಬಿಟ್ಟಿತು. ಕ್ರಾಂತಿರಂಗದ ಕೆಲವರು ಜನತಾ ಪಕ್ಷದಲ್ಲಿ ಕರಗಿದರು. ಬಂಗಾರಪ್ಪನವರು ಕಾಂಗ್ರೆಸ್ಸಿಗೇ ಹಿಂದಿರುಗಿದರು. 1985ರ ಹೊತ್ತಿಗೆ ಅವರು ಅಸೆಂಬ್ಲಿಯಲ್ಲಿ ಕಾಂಗ್ರೆಸ್ಸಿನ ಪರವಾಗಿ ವಿರೋಧಪಕ್ಷದ ನಾಯಕರಾಗಿ ಕುಳಿತಿದ್ದರು. ಕ್ರಾಂತಿರಂಗವೆಂಬ ಹೆಸರು ಗೋಡೆಯ ಮೇಲಿನ ಬರಹದಲ್ಲಿ ಮಾತ್ರ ಉಳಿದು, ಮಳೆಗೆ ತೊಳೆದುಹೋಯಿತು.

ಹಾಗಾದರೆ ಅದರಿಂದ ಏನೂ ಆಗಲಿಲ್ಲವೆ? ಆಯಿತು. ಆ ಗೆಲುವಿನಿಂದ ಬಂದ ಸರ್ಕಾರ 1983ರ ಮಾರ್ಚಿ 20ರಂದು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆಸಿ, ಕೇಂದ್ರ ಮತ್ತು ರಾಜ್ಯಗಳ ನಡುವಣ ಹಣಕಾಸಿನ ಸಂಬಂಧವನ್ನು ಚರ್ಚೆಗೆ ಇಟ್ಟಿತು. ನಾಲ್ಕೇ ದಿನಗಳಲ್ಲಿ, ಮಾರ್ಚಿ 24ರಂದು, ಈ ಸಂಬಂಧಗಳ ವಿಚಾರಣೆಗೆ ಸರ್ಕಾರಿಯಾ ಆಯೋಗವನ್ನು ನೇಮಿಸುವುದಾಗಿ ಪ್ರಧಾನಿಯವರು ಸಾರಬೇಕಾಯಿತು. ದೆಹಲಿಗೆ ಹೆದರದೆ ಒಟ್ಟಾಗಿ ಮಾತಾಡಿದರೆ ದೆಹಲಿಯೂ ಕಿವಿಗೊಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ದೊಡ್ಡ ಕೆಲಸವೂ ಅದೇ ವರ್ಷ ಆಯಿತು. ಶ್ರೀ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿಗಳ ಮಸೂದೆ ತಂದರು. ಕರ್ನಾಟಕದ ಹಳ್ಳಿಗಳ ಆಡಳಿತಕ್ಕಾಗಿ ಕರ್ನಾಟಕದ ಅಸೆಂಬ್ಲಿ ಮಾಡಿದ ಆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬರಲು 1985ರ ತನಕ ಕಾಯಬೇಕಾಯಿತು. ನಮ್ಮ ಹಳ್ಳಿಯ ಬಾವಿ ತೋಡಲು ದೆಹಲಿಯ ಅಂಕಿತ! ರಾಜ್ಯದ ಹಕ್ಕು ಎಂದರೇನೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊನೆಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಹೆಂಗಸರಿಗೆ ಮೀಸಲಾದವು. ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಹಣ ಜಿಲ್ಲೆಯ ಕೈಗೆ ಬಂದಿತು.

ಬಂಧುಗಳೆ, ಈಗ ಮೊದಲಿನ ಪ್ರಶ್ನೆಗೆ ಬರುತ್ತೇವೆ. ಕ್ರಾಂತಿರಂಗ ಏಕೆ ಉಳಿಯಲಿಲ್ಲ?

ನಾಯಕ ತೀರಿಕೊಂಡದ್ದರಿಂದ ಎಂದು ಕೆಲವರು ಹೇಳುತ್ತಾರೆ. ನಾಯಕನೊಬ್ಬ ತೀರಿಕೊಂಡರೆ ಸಾಯುವಂಥದು ಪಕ್ಷವೇ ಅಲ್ಲ, ಪರಿವಾರ. ಇನ್ನೊಬ್ಬರಿಗೆ ಮುಖ್ಯಮಂತ್ರಿಗಿರಿ ತಪ್ಪಿದ್ದರಿಂದ ಎಂದು ಕೆಲವರು ಹೇಳುತ್ತಾರೆ. ಕುರ್ಚಿಯೊಂದು ತಪ್ಪಿದರೆ ಒಡೆಯುವಂಥದು ತತ್ವದ ಮೇಲೆ ನಿಂತದ್ದಲ್ಲ. ನಾವು ಹೇಳುವ ಕಾರಣ ಬೇರೆ. ಆ ಪಕ್ಷ ಹಕ್ಕನ್ನು ದೆಹಲಿಯಿಂದ ಬೆಂಗಳೂರಿನವರೆಗೆ ತರಲು ಹೊರಟಿತು. ಬೆಂಗಳೂರಿನಿಂದ ಹೆಬ್ಬೆಯವರೆಗೆ ತರುವ ಮಾತನ್ನು ತನ್ನ ಜೀವಾಳ ಮಾಡಿಕೊಳ್ಳಲಿಲ್ಲ. ಆದ್ದರಿಂದ ಅದು ಕುಸಿದಾಗ ಹೆಬ್ಬೆಯಲ್ಲಿ ಯಾರಿಗೂ ನಷ್ಟವಾದಂತೆ ಅನ್ನಿಸಲಿಲ್ಲ. ತನ್ನದೆಂದು ತಿಳಿದ ಮನೆಗೆ ಬೆಂಕಿ ಬಿದ್ದರೆ ಊರು ಕೊಡ ಹಿಡಿದು ಓಡಿ ಬರುತ್ತದೆ. ಯಾರದೋ ಬಿಡಾರಕ್ಕೆ ಬೆಂಕಿ ಬಿದ್ದರೆ ನಿಂತು ನೋಡುತ್ತದೆ.

ಇದು ಬರಿಯ ವಾದವಲ್ಲ. ನಿಮ್ಮ ಕಣ್ಣಮುಂದಿನ ಉದಾಹರಣೆ ಕೊಡುತ್ತೇವೆ. ಈ ಬೆಟ್ಟದ ಮೇಲಿನ ಕೆಮ್ಮಣ್ಣುಗುಂಡಿಯನ್ನು ನೋಡಿ. ಇಲ್ಲಿಯ ಕಬ್ಬಿಣದ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ತೂಗಾಡುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಬಂಡಿಯಲ್ಲಿ ಭದ್ರಾವತಿ ಸೇರುತ್ತಿತ್ತು. ಈ ಕಾಡಿನ ಸೌದೆಯ ಇದ್ದಿಲು ಆ ಕುಲುಮೆಗೆ ಉರುವಲಾಗಿತ್ತು. 1923ರಲ್ಲಿ ಮೈಸೂರು ಸಂಸ್ಥಾನವೇ ಆ ಕಾರ್ಖಾನೆಯನ್ನು ತೆರೆಯಿತು. ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಎತ್ತಿ ನಿಲ್ಲಿಸಲು ಹೆಣಗಿದರು. ಅಂದರೆ ಬೆಟ್ಟ ನಮ್ಮದು, ಕಾಡು ನಮ್ಮದು, ಬೆವರು ನಮ್ಮದು, ಬಂಡವಾಳವೂ ನಮ್ಮದು. 1989ರಲ್ಲಿ, ನಡೆಸಲು ಹಣವಿಲ್ಲವೆಂದು, ರಾಜ್ಯ ಅದನ್ನು ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಒಪ್ಪಿಸಿತು. 1998ರಲ್ಲಿ ಅದು ಪ್ರಾಧಿಕಾರದಲ್ಲಿ ಪೂರ್ತಿ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲಿಯೇ, ಮುಚ್ಚುವ ನಿರ್ಧಾರ ದೆಹಲಿಯಿಂದ ಬಂದಿತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಹೆಂಡಿರು ಮಕ್ಕಳೊಡನೆ ಬೀದಿಗಿಳಿದು ಹೋರಾಡಬೇಕಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ, ಎಲ್ಲ ತಪ್ಪೂ ದೆಹಲಿಯದೇ ಎಂದು ಚಪ್ಪಾಳೆ ತಟ್ಟಿ ನಾವು ಮನೆಗೆ ಹೋಗಬಹುದು. ಆದರೆ ಅದೇ ಊರಿನ ಇನ್ನೊಂದು ಕಾರ್ಖಾನೆಯನ್ನು ನೋಡಿ. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಹುಟ್ಟಿತು. 1977ರಲ್ಲಿ ರಾಜ್ಯ ಸರ್ಕಾರದ ಕಂಪನಿಯಾಯಿತು. ಅದನ್ನು ಯಾರೂ ದೆಹಲಿಗೆ ಕೊಡಲಿಲ್ಲ. ಅದರ ಬೀಗದ ಕೈ ಬೆಂಗಳೂರಿನಲ್ಲಿಯೇ ಇತ್ತು. 2015ರ ಸುಮಾರಿಗೆ ಅಲ್ಲಿಯೂ ಯಂತ್ರಗಳು ನಿಂತವು. ಒಂದು ಕಾರ್ಖಾನೆ ದೆಹಲಿಯ ಕೈಯಲ್ಲಿ ಬಡವಾಯಿತು, ಇನ್ನೊಂದು ಬೆಂಗಳೂರಿನ ಕೈಯಲ್ಲಿ ನಿಂತಿತು. ಎರಡರಲ್ಲಿಯೂ ಮಾತು ನಡೆಯದೆ ಹೋದವನು ಯಾರು? ಯಂತ್ರದ ಮುಂದೆ ನಿಂತ ಕಾರ್ಮಿಕ. ಒಡೆತನ ದೆಹಲಿಯಿಂದ ಬೆಂಗಳೂರಿಗೆ ಬಂದ ಮಾತ್ರಕ್ಕೆ ಅವನಿಗೆ ಹಕ್ಕು ಬಂದಂತಾಗಲಿಲ್ಲ.

ಈಗ ಅಂಗಡಿಯ ಬಂಧುಗಳ ಮಾತು. ನಿಮ್ಮಲ್ಲಿ ಹಿರಿಯರಿಗೆ ಊರ ಬಾಗಿಲಲ್ಲಿ ಆಕ್ಟ್ರಾಯ್ ಸುಂಕದ ಕಟ್ಟೆ ಇದ್ದದ್ದು ನೆನಪಿರಬಹುದು. ಅದು ಕಿರುಕುಳದ ತೆರಿಗೆಯೇ, ಲಂಚದ ಬಾಗಿಲೇ, ನಿಜ. ಆದರೆ ಅದು ಪುರಸಭೆಯ ಸ್ವಂತ ವರಮಾನವಾಗಿತ್ತು. 1979ರಲ್ಲಿ ಅದನ್ನು ಎತ್ತಿಹಾಕಿ, ಬದಲಿಗೆ ರಾಜ್ಯವೇ ಪ್ರವೇಶ ತೆರಿಗೆ ಹಾಕಿತು. ಅಂದಿನಿಂದ ಪುರಸಭೆಗಳು ಚರಂಡಿ ಕಟ್ಟಲೂ ಬೆಂಗಳೂರಿಗೆ ಕೈ ಚಾಚಬೇಕಾಯಿತು. ಹೀಗೆ ಮಾಡಿದ ಸರ್ಕಾರ ಯಾರದು? ಮೂರು ವರ್ಷಗಳ ಮೇಲೆ ಕ್ರಾಂತಿರಂಗವನ್ನು ಕಟ್ಟಿದ ಅರಸರದೇ. ದೆಹಲಿ ನಮ್ಮ ಜೇಬಿಗೆ ಕೈ ಹಾಕಬಾರದು ಎನ್ನುವವರು, ತರೀಕೆರೆಯ ಪುರಸಭೆಯ ಜೇಬಿನಿಂದ ತಾವೇ ಕೈ ತೆಗೆಯಲಿಲ್ಲ.

ಆ ಮೇಲೆ ಏನಾಯಿತು? 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. ರಾಜ್ಯದ ಪ್ರವೇಶ ತೆರಿಗೆಯನ್ನೂ ಮಾರಾಟ ತೆರಿಗೆಯ ಬಹುಪಾಲನ್ನೂ ಅದು ನುಂಗಿತು. ತೆರಿಗೆಯ ದರ ಗೊತ್ತುಮಾಡುವ ಮಂಡಳಿಯಲ್ಲಿ ಓಟಿನ ಮೂರನೆಯ ಒಂದು ಭಾಗ ಕೇಂದ್ರಕ್ಕೆ, ಉಳಿದ ಎರಡು ಭಾಗ ಎಲ್ಲ ರಾಜ್ಯಗಳಿಗೆ. ಯಾವ ತೀರ್ಮಾನಕ್ಕೂ ನಾಲ್ಕರಲ್ಲಿ ಮೂರು ಭಾಗ ಓಟು ಬೇಕು. ಅಂದರೆ ಕೇಂದ್ರ ಬೇಡವೆಂದರೆ ಎಲ್ಲ ರಾಜ್ಯಗಳೂ ಸೇರಿದರೂ ಏನೂ ನಡೆಯದು. ಪುರಸಭೆಯ ಗಂಟನ್ನು ರಾಜ್ಯ ತೆಗೆದುಕೊಂಡಿತು, ರಾಜ್ಯದ ಗಂಟನ್ನು ಕೇಂದ್ರ ತೆಗೆದುಕೊಂಡಿತು. ಸಣ್ಣ ಮೀನನ್ನು ನುಂಗಿದ ಮೀನನ್ನು ಅದಕ್ಕಿಂತ ದೊಡ್ಡ ಮೀನು ನುಂಗಿತು. ನಡುವೆ ಸಣ್ಣ ವ್ಯಾಪಾರಿ ತನ್ನ ಲೆಕ್ಕವನ್ನು ತಾನೇ ಬರೆಯಲಾರದೆ ಲೆಕ್ಕಿಗನಿಗೆ ಸಂಬಳ ತೆರುತ್ತ ಕುಳಿತಿದ್ದಾನೆ.

ನಜೀರ್ ಸಾಬರ ಜಿಲ್ಲಾ ಪರಿಷತ್ತುಗಳ ಗತಿ ಏನಾಯಿತು, ಅದನ್ನೂ ಕೇಳಿ. 1992ರಲ್ಲಿ ಅವುಗಳ ಅವಧಿ ಮುಗಿಯಿತು. ಕೂಡಲೇ ಚುನಾವಣೆ ನಡೆಸುವ ಬದಲು ಆಡಳಿತಾಧಿಕಾರಿಗಳನ್ನು ತಂದು ಕೂರಿಸಿದರು. ಆಗ ಮುಖ್ಯಮಂತ್ರಿಗಳಾಗಿದ್ದವರು ಕ್ರಾಂತಿರಂಗದ ಬಾವುಟ ಹಿಡಿದಿದ್ದ ಬಂಗಾರಪ್ಪನವರೇ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1991ರಲ್ಲಿ, ಕಾವೇರಿಯ ನೀರಿಗಾಗಿ ಸುಗ್ರೀವಾಜ್ಞೆ ಹೊರಡಿಸಿ ದೆಹಲಿಯನ್ನೂ ನ್ಯಾಯಮಂಡಳಿಯನ್ನೂ ಎದುರಿಸಿ ನಿಂತವರೂ ಅವರೇ. ಆ ಎದೆಗಾರಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ರಾಜ್ಯಕ್ಕಾಗಿ ಗುಡುಗಿದ ಅದೇ ಸರ್ಕಾರ ಜಿಲ್ಲೆಯ ಬಾಯಿ ಮುಚ್ಚಿಸಿತಲ್ಲ! ಇದು ಒಬ್ಬರ ದೋಷವೂ ಅಲ್ಲ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ ಮತ್ತೆ ಮುಗಿಯಿತು. ಸರ್ಕಾರಗಳು ಬದಲಾದವು, ಪಕ್ಷಗಳು ಬದಲಾದವು, ಚುನಾವಣೆಯಿಲ್ಲದೆ ವರ್ಷಗಳೇ ಉರುಳಿದವು. ಜಂತರ್ ಮಂತರ್‌ನಲ್ಲಿ ಧರಣಿ ಕುಳಿತವರನ್ನು ನಾವು ಕೇಳುತ್ತೇವೆ: ನಿಮ್ಮ ಪಾಲನ್ನು ದೆಹಲಿ ಹಿಡಿದಿಟ್ಟರೆ ಅನ್ಯಾಯ, ನಮ್ಮ ಪಾಲನ್ನು ನೀವು ಹಿಡಿದಿಟ್ಟರೆ ಅದಕ್ಕೆ ಏನು ಹೆಸರು?

ಡಾ. ಲೋಹಿಯಾ ಅವರು ಚೌಖಂಬಾ ರಾಜ್ಯ ಎಂಬ ಮಾತು ಹೇಳಿದರು. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕು ಎಂದರು. ಮದುವೆಯ ಚಪ್ಪರ ಹಾಕಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ದೆಹಲಿಯದೊಂದೇ ಕಂಬ ನೆಟ್ಟವರು ಒಂದು ಬಗೆಯ ತಪ್ಪು ಮಾಡಿದರು. ಬೆಂಗಳೂರಿನದೊಂದೇ ಕಂಬ ನೆಟ್ಟ ಕ್ರಾಂತಿರಂಗದವರು ಇನ್ನೊಂದು ಬಗೆಯ ತಪ್ಪು ಮಾಡಿದರು. ನಾಲ್ಕೂ ಇಲ್ಲದೆ ಚಪ್ಪರ ನಿಲ್ಲುವುದಿಲ್ಲ.

ಇದನ್ನು ಹೇಳುವಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಚೌಖಂಬಾ ಮಾತಾಡಿದ ನಾವೇನು ಮಾಡಿದೆವು? ಪ್ರಜಾ ಸಮಾಜವಾದಿ, ಸಂಯುಕ್ತ ಸಮಾಜವಾದಿ ಎಂದು ಒಡೆದೆವು, ಕೂಡಿದೆವು, ಮತ್ತೆ ಒಡೆದೆವು. 1967ರಲ್ಲಿ ಶ್ರೀ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಮ್ಮ ಎದೆ ಉಬ್ಬಿತು. ಆದರೆ ಆ ಕನ್ನಡದ ಮಾತಿನ ಹಿಂದೆ ಊರೂರಿನಲ್ಲಿ ಒಂದು ಸಮಿತಿ ಇರಬೇಕು, ಅದಕ್ಕೊಂದು ಚಂದಾ ಪುಸ್ತಕ ಇರಬೇಕು, ತಿಂಗಳಿಗೊಂದು ಸಭೆ ನಡೆಯಬೇಕು ಎಂಬುದನ್ನು ನಾವೂ ಮರೆತೆವು. ಆದ್ದರಿಂದ ಕ್ರಾಂತಿರಂಗದ ಕಥೆಯನ್ನು ನಾವು ಪರರ ನಿಂದೆಗಾಗಿ ಹೇಳುತ್ತಿಲ್ಲ. ಅದು ನಮ್ಮ ಕಥೆಯೂ ಹೌದು.

ಇನ್ನು ಮಾಡಬೇಕಾದ್ದೇನು? ದೊಡ್ಡ ಪ್ರತಿಜ್ಞೆ ಬೇಡ. ಮೂರು ಕೆಲಸ ಹೇಳುತ್ತೇವೆ.

ಒಂದು. ನಿಮ್ಮ ನಿಮ್ಮ ಗ್ರಾಮಸಭೆಗಳಲ್ಲಿ ಎದ್ದು ನಿಂತು ಒಂದು ಠರಾವು ಬರೆಸಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಚುನಾವಣೆ ಅವಧಿ ಮುಗಿಯುವ ಮೊದಲೇ ನಡೆಯಬೇಕು, ಒಂದು ದಿನವೂ ಆಡಳಿತಾಧಿಕಾರಿಯ ಕೈಗೆ ಹೋಗಬಾರದು ಎಂದು ಬರೆಸಿ. ಠರಾವಿನ ನಕಲನ್ನು ಕೇಳಿ ಪಡೆದು ನಿಮ್ಮ ಬಳಿ ಇಟ್ಟುಕೊಳ್ಳಿ.

ಎರಡು. ರಾಜ್ಯದ ತೆರಿಗೆಯಲ್ಲಿ ಪುರಸಭೆ ಮತ್ತು ಪಂಚಾಯ್ತಿಗಳಿಗೆ ಎಷ್ಟು ಪಾಲು ಎಂಬುದನ್ನು ಹೇಳಲು ರಾಜ್ಯ ಹಣಕಾಸು ಆಯೋಗವಿದೆ. ಅದರ ಶಿಫಾರಸಿನಂತೆ ನಿಮ್ಮ ಊರಿಗೆ ಬರಬೇಕಾದ್ದೆಷ್ಟು, ಬಂದದ್ದೆಷ್ಟು? ಮುಖ್ಯಾಧಿಕಾರಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅಂಗಡಿಯವರಿಗೆ ಲೆಕ್ಕ ಕೇಳುವುದನ್ನು ನಾವು ಕಲಿಸಬೇಕಾಗಿಲ್ಲ.

ಮೂರು. ಕಾರ್ಖಾನೆಯನ್ನು ತೆರೆಯುವ, ಮಾರುವ, ಮುಚ್ಚುವ ಮಾತು ಬಂದಾಗ, ಮಾಲೀಕ ದೆಹಲಿಯವನಿರಲಿ, ಬೆಂಗಳೂರಿನವನಿರಲಿ, ಗುತ್ತಿಗೆಯವರೂ ಸೇರಿದಂತೆ ಕಾರ್ಮಿಕರ ಪ್ರತಿನಿಧಿಗಳು ಆ ಮೇಜಿನ ಸುತ್ತ ಕುಳಿತಿರಬೇಕು. ಇದನ್ನು ಓಟು ಕೇಳಲು ಬರುವ ಪ್ರತಿಯೊಬ್ಬನಿಂದಲೂ ಬರವಣಿಗೆಯಲ್ಲಿ ಪಡೆಯಿರಿ. ಬರೆದುಕೊಡಲು ಹಿಂಜರಿದವನು ರಾಜ್ಯದ ಹಕ್ಕಿನ ಮಾತಾಡಿದರೆ, ಆ ಹಕ್ಕು ಯಾರಿಗಾಗಿ ಎಂದು ಮರುಪ್ರಶ್ನೆ ಹಾಕಿ.

ಕರ್ನಾಟಕಕ್ಕೆ ನ್ಯಾಯವಾದ ಪಾಲು ಬರಲೇಬೇಕು. ಅದಕ್ಕಾಗಿ ಯಾವ ಪಕ್ಷದವರು ದೆಹಲಿಯಲ್ಲಿ ದನಿ ಎತ್ತಿದರೂ ನಾವು ಅವರ ಜತೆಗೆ ನಿಲ್ಲುತ್ತೇವೆ. ಆದರೆ ಆ ಪಾಲು ಬೆಂಗಳೂರಿನಲ್ಲಿ ಬಂದು ನಿಂತರೆ, ಅದನ್ನು ಇಲ್ಲಿಗೆ ತರುವ ತನಕ ನಾವು ಅವರ ಬೆನ್ನು ಬಿಡುವುದಿಲ್ಲ. ರೋಪ್‌ವೇಯ ತೊಟ್ಟಿಗಳು ಈ ಬೆಟ್ಟದಿಂದ ಅದಿರನ್ನು ಹೊತ್ತು ಕೆಳಗಿಳಿಯುತ್ತಿದ್ದವು, ಖಾಲಿಯಾಗಿ ಹಿಂದಕ್ಕೆ ಬರುತ್ತಿದ್ದವು. ಇನ್ನು ಮುಂದೆ ಇಲ್ಲಿಂದ ತುಂಬಿ ಹೋದದ್ದು ಖಾಲಿಯಾಗಿ ಹಿಂದಿರುಗಬಾರದು. ಆ ಕಾವಲು ನಮ್ಮದು, ನಿಮ್ಮದು.

ಕತ್ತಲಾಗಿದೆ, ದೂರ ಹೋಗುವವರಿದ್ದೀರಿ. ಸಮಿತಿಗೆ ಹೆಸರು ಬರೆಸುವವರು ಹಿಂದಿನ ಮೇಜಿನ ಬಳಿ ಬರೆಸಿ ಹೊರಡಿ.